ನಾಲ್ಕು ನಿಮಿಷ ನಿಂತ ನೊರೆ

ಲೊರೇನ್ ಪಾವ್ಲಾಕ್‌ಳ ನೆಲಮಾಳಿಗೆಯಲ್ಲಿ ಆ ಭಾನುವಾರವೂ ಬಿಯರಿನ ನೊರೆ ನಿಲ್ಲಲಿಲ್ಲ.

ಸುರಿದಾಗ ಹೂವಿನಂತೆ ಅರಳಿತು. ಇನ್ನೇನು ತುಟಿಗೆ ತಾಗಬೇಕು ಎನ್ನುವಷ್ಟರಲ್ಲಿ ಗುಳ್ಳೆಗುಳ್ಳೆಯಾಗಿ ಒಡೆದು ಬರೀ ಹಳದಿ ನೀರು ಉಳಿಯಿತು.

"ಫ್ಯಾಕ್ಟರೀಲಿ ಹತ್ತೊಂಬತ್ತು ವರ್ಷ ಹಂಡೆ ಕಾದವಳು ನೀನು," ಎಂದು ಗಸ್ ಮುದುಕ ಗ್ಲಾಸನ್ನು ಬೆಳಕಿಗೆ ಹಿಡಿದ. "ಇದೇನು ಮಗಳೇ, ಬಿಯರೋ, ಜ್ವರ ಬಂದವರ ಉಚ್ಚೆಯೋ?"

"ಬೇಡ ಅಂದ್ರೆ ಇಟ್ಟುಬಿಡು. ಹೋಗಿ ಕಂಪನಿ ಬಿಯರ್ ಕುಡ್ಕೋ."

ಎಲ್ಲರೂ ಗೊಳ್ಳೆಂದು ನಕ್ಕರು. ಮುಷ್ಕರ ಹೂಡಿ ಆರು ವಾರವಾಗಿತ್ತು. ಮಿಲ್ವಾಕಿಯ ಆ ಬೀದಿಗಳಲ್ಲಿ ಕಂಪನಿಯ ಬಿಯರ್ ಮುಟ್ಟಿದವನ ಜೊತೆ ಕಟ್ಟಿಕೊಂಡ ಹೆಂಡತಿಯೂ ಮಾತು ಬಿಡುತ್ತಿದ್ದಳು. ಬರುವ ಶನಿವಾರ ಫ್ಯಾಕ್ಟರಿಯ ಮುಂದೆ ಊರವರಿಗೆಲ್ಲ ಲೊರೇನ್‌ಳ ಬಿಯರ್ ಹಂಚುವುದೆಂದು ತೀರ್ಮಾನವಾಗಿತ್ತು. ಬಿಯರ್ ಮಾಡುವುದು ಆ ಗೋಡೆಗಳಲ್ಲ, ಈ ಕೈಗಳು ಎಂದು ತೋರಿಸಬೇಕಿತ್ತು. ಅದೇ ದಿನ ಕಂಪನಿಯ ಬಿಯರ್ ಲಾರಿಗಳನ್ನೂ ತಡೆಯಬೇಕಿತ್ತು. ಯಾವ ಗೇಟಿನಲ್ಲಿ, ಎಷ್ಟು ಹೊತ್ತಿಗೆ ಎನ್ನುವುದು ಮಾತ್ರ ಲೊರೇನ್ ಮತ್ತು ಗಸ್, ಇಬ್ಬರಿಗಷ್ಟೇ ಗೊತ್ತು.

ಯಾಕೆಂದರೆ ಈ ನೆಲಮಾಳಿಗೆಯ ಮಾತು ಹೊರಗೆ ಹೋಗುತ್ತಿತ್ತು. ಇಲ್ಲಿ ಬಾಯಿಬಿಟ್ಟ ಮೂವರ ಮನೆಗೆ ವಜಾ ಪತ್ರ ಬಂದಿತ್ತು.

ಎಲ್ಲರ ಅನುಮಾನ ಮೆಟ್ಟಿಲ ಕೆಳಗೆ ಕುಳಿತವನ ಮೇಲೆ. ಎಫ್ರೇನ್ ರೊಸಾಲೆಸ್. ಕಂಪನಿಯ ಅತಿಥಿ ಕೋಣೆಯಲ್ಲಿ ಮ್ಯಾನೇಜರುಗಳಿಗೆ ಗ್ಲಾಸು ತೊಳೆದು ತುಂಬಿಸಿಕೊಡುತ್ತಿದ್ದವನು. ಮಾತು ಕಡಿಮೆ, ನೋಟ ಜಾಸ್ತಿ. ಆಗಾಗ ಸಣ್ಣದೊಂದು ಪುಸ್ತಕ ತೆಗೆದು ಏನೋ ಗೀಚಿಕೊಳ್ಳುತ್ತಿದ್ದ.

ಈಗಲೂ ನೋಡುತ್ತಿದ್ದ. ಅವನ ಕಣ್ಣು ಮೊದಲು ಅವಳ ಗ್ಲಾಸಿನ ಮೇಲೆ, ಆಮೇಲೆ ಬೆರಳ ಮೇಲೆ, ಆಮೇಲೆ ಮೆಲ್ಲಗೆ ಹತ್ತಿ ಬಂದು ಮುಖದ ಮೇಲೆ ನಿಂತಿತು. ಅವಳು ತಿರುಗಿದ ಕೂಡಲೇ ಸಿಕ್ಕಿಬಿದ್ದ ಕಳ್ಳನ ಹಾಗೆ ಕೆಳಗಿಳಿಯಿತು.

ಲೊರೇನ್‌ಳಿಗೆ ಆ ನೋಟ ಹಿತವಾಯಿತು. ಅದಕ್ಕೇ ಅವಳಿಗೆ ಸಿಟ್ಟು. ಇಷ್ಟು ಚೆಂದದ ಕಣ್ಣನ್ನು ದೇವರು ಒಬ್ಬ ಗೂಢಚಾರನಿಗೆ ಯಾಕೆ ಕೊಡಬೇಕಿತ್ತು?

ನೊರೆಗಾಗಿ ಅವಳು ಮಾಡದ ಕಸರತ್ತಿಲ್ಲ. ಗೋಧಿ ಹೆಚ್ಚಿಸಿದಳು, ಹಂಡೆಯ ಕಾವು ಬದಲಿಸಿದಳು, ಐದು ಸಲ ಮೊದಲಿನಿಂದ ಮಾಡಿದಳು. ಕೊನೆಗೆ, ಇವನೇ ಏನಾದರೂ ಬೆರೆಸುತ್ತಿರಬಹುದೇ ಎಂದೂ ಅನ್ನಿಸಿತ್ತು. ಕಂಪನಿ ಆ ಮೂವರಿಂದ ಕೆಲಸ ಕಿತ್ತುಕೊಂಡದ್ದು ಒಂದು ಕಳ್ಳತನ. ಪಕ್ಕದಲ್ಲಿ ಕೂತವನ ಮುಖವನ್ನು ನಂಬದ ಹಾಗೆ ಮಾಡಿದ್ದು ಅದಕ್ಕಿಂತ ದೊಡ್ಡದು.

ಎಲ್ಲರೂ ಹೋದ ಮೇಲೆ ನೋಡಿದರೆ ಎಫ್ರೇನ್‌ನ ಜಾಕೆಟ್ ಕುರ್ಚಿಯ ಮೇಲೆಯೇ ಇತ್ತು. ಜೇಬಿನಲ್ಲಿ ಆ ಪುಸ್ತಕ. ಅವಳು ತೆರೆದಳು.

ಭಾನುವಾರ. ಗಸ್, ನಲವತ್ತು. ಹೆಲ್ಗಾ, ಮೂವತ್ತೈದು. ಲೊರೇನ್, ಇಪ್ಪತ್ತು.

ಆರು ಭಾನುವಾರ. ಬಂದವರೆಲ್ಲರ ಹೆಸರು.

"ಜಾಕೆಟ್ ಮರೆತಿದ್ದೆ," ಎಂದ ಎಫ್ರೇನ್. ಮೆಟ್ಟಿಲ ಮೇಲೆ ನಿಂತಿದ್ದ.

"ಯಾರಿಗೆ ಕೊಡ್ತೀಯ ಈ ಪಟ್ಟೀನ?"

ಅವನು ಪುಸ್ತಕ ನೋಡಿದ, ಅವಳನ್ನು ನೋಡಿದ. "ಅದು ನೊರೆ."

"ಏನು?"

"ಸೆಕೆಂಡು. ಯಾರ ಗ್ಲಾಸಲ್ಲಿ ನೊರೆ ಎಷ್ಟು ಹೊತ್ತು ನಿಲ್ಲುತ್ತೆ ಅಂತ. ಒಂದೇ ಬಾಟ್ಲಿಯಿಂದ ಸುರಿದ್ರೂ ಒಬ್ಬೊಬ್ಬರದು ಒಂದೊಂದು ಥರ. ಅಂದ್ರೆ ತಪ್ಪು ಬಿಯರಲ್ಲಿಲ್ಲ, ಗ್ಲಾಸಲ್ಲಿದೆ."

"ಆರು ವಾರ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ಉಪ್ಪು ಕೊಡು ಅನ್ನೋದನ್ನೂ ನೀವು ಪೊಲೀಸರ ಥರ ಕೇಳ್ತೀರಿ. ನಿಮ್ಮ ಬಟ್ಟೇಲಿ ಜಿಡ್ಡಿದೆ ಅಂತ ಹೇಗೆ ಹೇಳ್ಲಿ?"

ಅವಳು ಭುಜದ ಮೇಲಿನ ಬಟ್ಟೆಯನ್ನು ನೋಡಿಕೊಂಡಳು. ಬೆಳಿಗ್ಗೆ ಸಾಸೇಜ್ ಹುರಿದ ಬಾಣಲೆಯನ್ನು ಒರೆಸಿದ್ದು ಅದರಲ್ಲೇ. ಗ್ಲಾಸುಗಳನ್ನು ಫಳಫಳ ಹೊಳೆಯಲೆಂದು ಉಜ್ಜಿದ್ದೂ ಅದರಲ್ಲೇ.

ಎಫ್ರೇನ್ ತೋಳು ಮಡಚಿದ. ಒಂದು ಗ್ಲಾಸನ್ನು ಬಿಸಿನೀರು, ವಾಷಿಂಗ್ ಸೋಡಾ ಹಾಕಿ ತಿಕ್ಕಿದ. ನೀರು ಎಲ್ಲೂ ಹನಿಗಟ್ಟದೆ ಒಂದೇ ಹಾಳೆಯಂತೆ ಜಾರುವವರೆಗೆ ತೊಳೆದ. ಬಟ್ಟೆ ಸೋಕಿಸದೆ ಬೋರಲು ಹಾಕಿದ. ಇನ್ನೊಂದನ್ನು ಅವಳ ಬಟ್ಟೆಯಲ್ಲೇ ಒರೆಸಿದ. ಒಂದೇ ಬಾಟಲಿಯಿಂದ ಎರಡಕ್ಕೂ ಸುರಿದ.

ಒರೆಸಿದ್ದರಲ್ಲಿ ನೊರೆ ಸತ್ತಿತು. ತೊಳೆದದ್ದರಲ್ಲಿ ಗಟ್ಟಿ ಮೊಸರಿನಂತೆ ಕೂತಿತು. ಒಂದು ನಿಮಿಷ. ಎರಡು. ಇಬ್ಬರೂ ಬಾಗಿ ನೋಡುತ್ತಿದ್ದರು. ಭುಜಕ್ಕೆ ಭುಜ ತಾಗಿದ್ದು ಇಬ್ಬರಿಗೂ ಗೊತ್ತಿತ್ತು, ಯಾರೂ ಸರಿಯಲಿಲ್ಲ.

"ನಾಲ್ಕು," ಎಂದ ಅವನು ಮೆಲ್ಲಗೆ.

ಕಂಪನಿ ಅವಳಿಗೆ ಹಂಡೆ ಕೊಟ್ಟಿತ್ತು, ಅವನಿಗೆ ಗ್ಲಾಸು. ಪೂರ್ತಿ ಬಿಯರನ್ನು ಯಾರ ಕೈಗೂ ಕೊಟ್ಟಿರಲಿಲ್ಲ.

ಆದರೂ ಮುಳ್ಳು ಅಲ್ಲೇ ಇತ್ತು. "ಮ್ಯಾನೇಜರ್ ನಿನ್ನ ಕರೆಸಿದ್ನಾ?"

ಈ ಸಲ ಅವನ ಕಣ್ಣು ಕೆಳಗಿಳಿಯಲಿಲ್ಲ. "ಕರೆಸಿದ್ದ. ಹೆಸರು ಕೇಳಿದ."

"ಏನಂದೆ?"

"ಗ್ಲಾಸ್ ತೊಳೆಯೋನಿಗೆ ಗ್ಲಾಸಷ್ಟೇ ಕಾಣೋದು ಸಾರ್ ಅಂದೆ."

"ಸಾಕ್ಷಿ?"

"ಇಲ್ಲ." ನೊರೆ ನಿಂತ ಗ್ಲಾಸನ್ನು ಅವಳ ಕಡೆ ಸರಿಸಿದ. "ಪ್ರತಿ ಭಾನುವಾರ ಇಲ್ಲಿಗೆ ಬಂದಿದ್ದು ನಿಮ್ಮನ್ನ ನೋಡೋಕೆ. ಅದಕ್ಕೂ ಸಾಕ್ಷಿ ಇಲ್ಲ."

ಲೊರೇನ್ ಅವನ ಒದ್ದೆ ಕೈ ನೋಡಿದಳು. ಸೋಡಾಕ್ಕೆ ಬಿರಿದ ಬೆರಳು. ಅವಳದ್ದು ಹಂಡೆಯ ಹಬೆಗೆ ಬೆಂದದ್ದು. ಇದೂ ಸಾಕ್ಷಿಯಲ್ಲ. ಸಾಕ್ಷಿ ಸಿಕ್ಕ ಮೇಲೆ ನಂಬುವ ಕೆಲಸವನ್ನು ಮ್ಯಾನೇಜರೂ ಮಾಡುತ್ತಾನೆ.

"ಶನಿವಾರ ಬೆಳಿಗ್ಗೆ ಆರು ಗಂಟೆ," ಎಂದಳು. "ದೊಡ್ಡ ಗೇಟಲ್ಲ. ರೈಲು ಹಳಿ ಕಡೆ ಗೇಟು."

ಅವನು ಬೆಚ್ಚಿಬಿದ್ದ. "ಯಾಕೆ ಹೇಳಿದ್ರಿ? ನಾಳೆ ಬೇರೆ ಯಾರ ಬಾಯಿಂದ ಹೊರಗೆ ಹೋದ್ರೂ ನನ್ನ ತಲೆಗೇ ಕಟ್ತಾರೆ!"

"ಕಟ್ಲಿ. ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಲಿ."

ಒಂದು ಕೈಯಲ್ಲಿ ಅವನ ಕೈ ಹಿಡಿದು, ಇನ್ನೊಂದರಲ್ಲಿ ಫೋನ್ ಒತ್ತಿದಳು.

"ಗಸ್, ಎಫ್ರೇನ್‌ಗೆ ಗೇಟು ಹೇಳಿದೀನಿ. ಏನಾದ್ರೂ ಆದ್ರೆ ನನ್ನನ್ನೇ ಕೇಳು."

"ತಲೆ ಕೆಟ್ಟಿದ್ಯಾ ಮಗಳೇ?"

"ಹೌದು ಗಸ್," ಎಂದಳು ಲೊರೇನ್, ಕೈ ಬಿಡದೆ.