ನೆಲದೊಳಗಿನ ತಂತಿ ಕೇಳಿಸಿಕೊಂಡದ್ದು

ಸೋಮವಾರ ಬೆಳಿಗ್ಗೆ 9.40ಕ್ಕೆ ನಂಜನಗೂಡು ಗ್ರಾಮಾಂತರ ಠಾಣೆಗೆ ಬಂದ ಚಂದ್ರಶೇಖರ್ ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೈಗಾರಿಕಾ ಪ್ರದೇಶದಲ್ಲಿ ತೈಲ ಮತ್ತು ಅನಿಲ ಬಾವಿಗಳಿಗೆ ಉಪಕರಣ ತಯಾರಿಸುವ ಕಾರ್ಖಾನೆಯೊಂದರ ಮ್ಯಾನೇಜರ್ ಆತ.

"ಸೆನ್ಸರ್ ಕಳುವಾಗಿದೆ ಮೇಡಂ. ನಾಳೆ ಬೆಳಿಗ್ಗೆ ಅದು ವಿಮಾನದಲ್ಲಿ ಹೋಗಬೇಕು."

ಇನ್‌ಸ್ಪೆಕ್ಟರ್ ರುದ್ರಾಣಿ ಪೆನ್ನು ಕೈಗೆತ್ತಿಕೊಂಡರು. "ನೋಡೋಕೆ ಹೇಗಿದೆ?"

"ಮೊಳದುದ್ದದ ಉಕ್ಕಿನ ಕೊಳವೆ, ಹನ್ನೊಂದು ಕೆ.ಜಿ. ಸಮುದ್ರದಡಿ ನಾಲ್ಕು ಕಿಲೋಮೀಟರ್ ಆಳದ ಬಾವಿಯೊಳಗೆ ಕೂತು, ಅಲ್ಲಿನ ಶಾಖ, ಒತ್ತಡ ಎಲ್ಲಾ ಕ್ಷಣಕ್ಷಣಕ್ಕೂ ಮೇಲಕ್ಕೆ ತಿಳಿಸುತ್ತೆ. ಅಂಥದ್ದು ನಮ್ಮಲ್ಲಿ ಇನ್ನೊಂದಿಲ್ಲ."

10.15ಕ್ಕೆ ಎಫ್‌ಐಆರ್ ದಾಖಲಾಯಿತು. 11ಕ್ಕೆ ಕಾರ್ಖಾನೆಯಲ್ಲಿ ಸ್ಥಳ ಪಂಚನಾಮೆ. ಸೆನ್ಸರ್ ಇಟ್ಟಿದ್ದ ಪರೀಕ್ಷಾ ಕೊಠಡಿಯ ಬೀಗ ಮುರಿದಿರಲಿಲ್ಲ. ಮುಂದಿನ ಗೇಟಿನ ಕ್ಯಾಮರಾದಲ್ಲಿ ಹೊರಗಿನವರು ಯಾರೂ ಇಲ್ಲ. ಹಿಂದಿನ ಗೇಟಿಗೆ ಕ್ಯಾಮರಾ ಇರಲಿಲ್ಲ.

ಕಾನ್‌ಸ್ಟೇಬಲ್ ನಿಂಗರಾಜು ಕಾಂಪೌಂಡ್ ಸುತ್ತಿ ಬಂದ. "ಇದ್ಯಾಕಮ್ಮ ಗೋಡೆ ಉದ್ದಕ್ಕೂ ಹಳದಿ ಗೂಟ ನೆಟ್ಟವ್ರೆ?"

ಪರೀಕ್ಷಾ ವಿಭಾಗದ ಎಂಜಿನಿಯರ್ ಬಿಂದುಶ್ರೀ ಉತ್ತರಿಸಿದಳು. ಮೂವತ್ತರ ಆಸುಪಾಸಿನ, ಮೆಲುದನಿಯ ಹೆಂಗಸು. "ಅಡಿಯಲ್ಲಿ ಗಾಜಿನ ತಂತಿ ಹೂತಿದೀವಿ. ಬಾವಿಯೊಳಗೆ ಬಿಡೋದೂ ಇದನ್ನೇ. ತಂತಿಯೊಳಗೆ ಬೆಳಕು ಹಾಯಿಸ್ತೀವಿ. ಬಂಡೆ ಸಂದಿನಲ್ಲಿ ಅನಿಲ ಹರಿದರೂ ಆ ಬೆಳಕು ನಡುಗುತ್ತೆ. ಇಲ್ಲಿ ಪರೀಕ್ಷೆಗೆ ಅಂತ ಹಾಕಿರೋದು."

"ಮೇಲೆ ಮನುಷ್ಯ ನಡೆದರೆ?" ರುದ್ರಾಣಿ ಕೇಳಿದರು.

"ಗೊತ್ತಾಗುತ್ತೆ ಮೇಡಂ. ಎಲ್ಲಾ ದಾಖಲಾಗಿರುತ್ತೆ."

ಅವಳು ಕಂಪ್ಯೂಟರ್ ತೆರೆದಳು. ನಿಂಗರಾಜು ಹೊರಗೆ ಹೋಗಿ ನಾಲ್ಕು ಹೆಜ್ಜೆ ಹಾಕಿದ. ಪರದೆಯ ಮೇಲೆ ನಾಲ್ಕು ಗೆರೆ ಮೂಡಿದವು. ಅವನು ಓಡಿ ಬಂದು ನೋಡಿ, ಮತ್ತೆ ಹೋಗಿ ಕುಪ್ಪಳಿಸಿದ. "ಮೇಡಂ, ಬಂತಾ? ಅಯ್ಯೋ, ಭೂಮಿಗೇ ಕಿವಿ ಬಂದದಲ್ಲ!"

ರುದ್ರಾಣಿ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. ಹದಿನಾರು ವರ್ಷದ ಸರ್ವಿಸ್‌ನಲ್ಲಿ ಇಂಥ ಸಾಕ್ಷಿ ಅವರಿಗೆ ಸಿಕ್ಕಿರಲಿಲ್ಲ. "ನಿನ್ನೆಯದು ತೋರಿಸಿ."

ಭಾನುವಾರ ಮಧ್ಯಾಹ್ನ 1.12. ಹಿಂದಿನ ಗೇಟಿನಾಚೆ ವಾಹನವೊಂದು ನಿಂತಿತ್ತು. ಪರೀಕ್ಷಾ ಕೊಠಡಿಯ ಬಾಗಿಲಿಂದ ಒಬ್ಬರ ಹೆಜ್ಜೆ ಗೇಟಿನವರೆಗೆ ಹೋಗಿದ್ದವು, ದಪ್ಪ ಗೆರೆಗಳು. ಹಿಂದಿರುಗುವಾಗ ತೆಳುವಾಗಿದ್ದವು. 1.16ಕ್ಕೆ ವಾಹನ ಹೊರಟಿತ್ತು.

"ಭಾರ ಹೊತ್ತು ಹೋಗಿ, ಬರಿಗೈಯಲ್ಲಿ ವಾಪಸ್ ಬಂದಿದಾರೆ. ಅಂದರೆ ಒಳಗಿನವರೇ," ಎಂದರು ರುದ್ರಾಣಿ. "ನಿನ್ನೆ ಡ್ಯೂಟಿಯಲ್ಲಿ ಯಾರಿದ್ದರು?"

"ಮೂರು ಜನ. ನಾನೂ ಒಬ್ಬಳು," ಎಂದಳು ಬಿಂದುಶ್ರೀ.

ಮೂವರೂ ಕಾರ್ಖಾನೆ ಬಿಟ್ಟು ಹೋಗಕೂಡದೆಂದು ಹೇಳಿ, ಕಾವಲಿಗೆ ಇಬ್ಬರನ್ನು ನಿಲ್ಲಿಸಿ ರುದ್ರಾಣಿ ಹೊರಬಿದ್ದರು. ಕಳುವಾದ ನಿಖರ ಸಮಯ ಈಗ ಅವರಿಗೆ ಗೊತ್ತಿತ್ತು. ರಸ್ತೆ ತಿರುವಿನ ಪೆಟ್ರೋಲ್ ಬಂಕಿನ ಕ್ಯಾಮರಾದಲ್ಲಿ 1.12ಕ್ಕೆ ಮುಂಚೆ ಒಳಹೋಗಿ, 1.18ಕ್ಕೆ ಹೊರಬಂದ ವಾಹನ ಒಂದೇ: ಗೂಡ್ಸ್ ಆಟೋ. ನಂಬರ್ ಸ್ಪಷ್ಟವಾಗಿತ್ತು. ಮಾಲೀಕ ಟಿ. ನರಸೀಪುರದ ಶಿವರಾಜು.

ಜೀಪು ಮಧ್ಯಾಹ್ನ 1.50ಕ್ಕೆ ನರಸೀಪುರ ಬಸ್ ಸ್ಟ್ಯಾಂಡ್ ಮುಟ್ಟಿತು. ಶಿವರಾಜು ಆಟೋದಲ್ಲೇ ಊಟ ಮಾಡುತ್ತಿದ್ದ.

"ನಿನ್ನೆ ಏನು ಸಾಗಿಸಿದೆ?"

"ಒಂದು ಮರದ ಪೆಟ್ಗೆ, ಮೇಡಂ. ನಮ್ಮ್ ಕಡೆ ಉಡ್ಗಿ, ಫೋನ್ ಮಾಡಿದ್ರು. ತಲಕಾಡ್ಗೆ ಓಗಿ ಅವ್ರ ದೊಡ್ಡಮ್ಮನ ಕೈಗೆ ಕೊಟ್ಬಂದೆ."

"ಹುಡುಗಿ ಹೆಸರು?"

"ಬಿಂದುಶ್ರೀ ಅಂತ. ಯಾಕ್ ಮೇಡಂ, ಏನಾಯ್ತು?"

ನಿಂಗರಾಜು ಇನ್‌ಸ್ಪೆಕ್ಟರ್ ಮುಖ ನೋಡಿದ. ರುದ್ರಾಣಿ ಆಗಲೇ ಜೀಪು ಹತ್ತಿದ್ದರು.

ತಲಕಾಡಿನಲ್ಲಿ ದೊಡ್ಡಮ್ಮ ಸುಬ್ಬಲಕ್ಷ್ಮಮ್ಮ ಬಾಗಿಲಲ್ಲೇ ಎದುರಾದರು. "ಅದಾ? ಗ್ರೈಂಡರ್ ಮೋಟ್ರು ಕಣವ್ವ. ರಿಪೇರಿಗೆ ಕೊಡ್ಬೇಕು, ಎತ್ತಿಡು ಅಂದ್ಲು." ಅಕ್ಕಿ ಡ್ರಮ್ಮಿನ ಹಿಂದೆ ಪೆಟ್ಟಿಗೆಯಿತ್ತು. ಒಳಗೆ ಮೊಳದುದ್ದದ ಉಕ್ಕಿನ ಕೊಳವೆ. 2.55ಕ್ಕೆ ಪಂಚರ ಸಮಕ್ಷಮ ಜಪ್ತಿ ಮಾಡಲಾಯಿತು.

ಸಂಜೆ 4.30ಕ್ಕೆ ಕಾರ್ಖಾನೆಗೆ ಮರಳಿದಾಗ ಬಿಂದುಶ್ರೀ ಬ್ಯಾಗು ಹೆಗಲಿಗೆ ಹಾಕಿಕೊಂಡು ಪರೀಕ್ಷಾ ಕೊಠಡಿಯ ಮುಂದೆ ನಿಂತಿದ್ದಳು.

"ಯಾರಿಗೆ ಮಾರೋದಿತ್ತು?"

"ಯಾರಿಗೂ ಇಲ್ಲ ಮೇಡಂ. ನಾಳೆ ಅದು ಹೋಗಬಾರದಿತ್ತು, ಅಷ್ಟೇ."

"ಯಾಕೆ?"

"ನೂರೆಪ್ಪತ್ತು ಡಿಗ್ರಿ ಶಾಖದಲ್ಲಿ ನಾಲ್ಕು ಗಂಟೆ ಇಟ್ಟರೆ ಅದರ ಸಂದು ಮುಚ್ಚಿರೋ ಸೀಲ್ ಬಿಟ್ಟುಹೋಗುತ್ತೆ. ಆಮೇಲೆ ಒತ್ತಡ ಏರ್ತಾ ಇದ್ದರೂ ಸರಿಯಾಗಿದೆ ಅಂತ ಹಳೇ ಅಂಕೀನೇ ತೋರಿಸ್ತಾ ಇರುತ್ತೆ. ಮೇಲಿರೋರು ಅದನ್ನೇ ನಂಬಿಕೊಂಡು ಕೂತಿರ್ತಾರೆ. ಮೂರು ಸಲ ಬರೆದುಕೊಟ್ಟೆ. ಆ ಪರೀಕ್ಷೆಯ ದಾಖಲೆ ಅಳಿಸಿ ಸಹಿ ಹಾಕು ಅಂದರು ಚಂದ್ರಶೇಖರ್ ಸರ್."

"ತಂತಿಯಲ್ಲಿ ನಿಮ್ಮ ಹೆಜ್ಜೆ ಇದೆ ಅಂತ ನಿಮಗೆ ಮೊದಲೇ ಗೊತ್ತಿತ್ತು. ಅದನ್ನ ಅಳಿಸಬಹುದಿತ್ತಲ್ಲ?"

"ಅಳಿಸಲ್ಲ ಅಂತ ಹಟ ಹಿಡಿದೇ ಇಷ್ಟೆಲ್ಲಾ ಆಗಿದ್ದು ಮೇಡಂ."

4.50ಕ್ಕೆ ಬಂಧನ ದಾಖಲಾಯಿತು. ನೌಕರರಿಂದ ಕಳವು, ಭಾರತೀಯ ನ್ಯಾಯ ಸಂಹಿತೆ ಕಲಂ 306. ಅದರೊಂದಿಗೇ ರುದ್ರಾಣಿ, ಬಿಂದುಶ್ರೀ ಬ್ಯಾಗಿನಿಂದ ತೆಗೆದುಕೊಟ್ಟ ಆ ಮೂರು ಪತ್ರಗಳ ಪ್ರತಿಗಳನ್ನೂ ಕಡತಕ್ಕೆ ಸೇರಿಸಿದರು. ಸಂಜೆಯೇ ಚಂದ್ರಶೇಖರ್‌ಗೆ ವಿಚಾರಣೆಯ ನೋಟಿಸ್ ಹೋಯಿತು.

ಹನ್ನೆರಡನೇ ದಿನ, ಮೈಸೂರಿನ ಪ್ರಯೋಗಾಲಯವೊಂದರಲ್ಲಿ ತಜ್ಞರ ಎದುರು ಸೆನ್ಸರನ್ನು ಒತ್ತಡದ ಪಾತ್ರೆಯಲ್ಲಿಟ್ಟು ನೂರೆಪ್ಪತ್ತು ಡಿಗ್ರಿಗೆ ಕಾಯಿಸಲಾಯಿತು. ನಿಂಗರಾಜು ಗಡಿಯಾರ ನೋಡುತ್ತ ನಿಂತಿದ್ದ. ನಾಲ್ಕು ಗಂಟೆ ಆರು ನಿಮಿಷಕ್ಕೆ ಒತ್ತಡದ ಅಂಕಿ ನಿಂತುಹೋಯಿತು. ಪಾತ್ರೆಯೊಳಗೆ ಒತ್ತಡ ಏರುತ್ತಲೇ ಇತ್ತು.

ಸೆನ್ಸರ್ ಹೋಗಬೇಕಿದ್ದ ಆ ಸಮುದ್ರದ ಬಾವಿಯ ಮೇಲೆ ನೂರಹತ್ತು ಜನ ಕೆಲಸ ಮಾಡುತ್ತಿದ್ದರು. ಅವರಲ್ಲಿ ಒಬ್ಬರ ಮುಖವನ್ನೂ ಬಿಂದುಶ್ರೀ ನೋಡಿರಲಿಲ್ಲ.