ಕಬ್ಬಿಣದ ಹುಂಜ ಮತ್ತು ನಾಟಕದ ಪರದೆ

"ಬೇಗ ಹೇಳು ಗುಬ್ಬಿ. ನೆನೆಸ್ಲಾ, ಬೇಡ್ವಾ?"

ಅಪ್ಪ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡು ತಾರಸಿಯ ಸಿಮೆಂಟ್ ತೊಟ್ಟಿಯ ಪಕ್ಕ ನಿಂತಿದ್ದ. ತೊಟ್ಟಿಯ ತುಂಬ ಸೋಪಿನ ನೊರೆ. ಪಕ್ಕದಲ್ಲಿ ನಾಟಕ ಮಂದಿರದ ಕೆಂಪು ಪರದೆ ಮಲಗಿದ ಆನೆಮರಿಯ ಹಾಗೆ ಬಿದ್ದುಕೊಂಡಿತ್ತು. ಅದನ್ನು ಮೇಲೆ ಹತ್ತಿಸುವಷ್ಟರಲ್ಲಿ ಅಪ್ಪ ಅಮ್ಮ ಇಬ್ಬರೂ ಏದುಸಿರು ಬಿಟ್ಟಿದ್ದರು.

ಅವರದು ಪುಟ್ಟ ಲಾಂಡ್ರಿ. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ಬಟ್ಟೆ ಒಣಗಿಸುವ ತಾರಸಿ. ಅಪ್ಪ ಒಗೆಯುತ್ತಿದ್ದ, ಅಮ್ಮ ಇಸ್ತ್ರಿ ಮಾಡುತ್ತಿದ್ದಳು. ಗುಬ್ಬಿ ಮಾತಾಡುತ್ತಿದ್ದಳು. ಅದಕ್ಕೇ ಅವಳಿಗೆ ಆ ಹೆಸರು.

ಚಳಿ ಮುಗಿದು ಬೇಸಿಗೆ ಇನ್ನೂ ಶುರುವಾಗದ ದಿನಗಳು ಅವು. ಗಿಡಗಳೆಲ್ಲ ಚಿಗುರುವ ಈ ಕಾಲ ಎಲ್ಲರಿಗೂ ಇಷ್ಟ, ಲಾಂಡ್ರಿಯವರನ್ನು ಬಿಟ್ಟು. ಮಳೆಗಾಲದಲ್ಲಾದರೆ ಮಳೆ ಬರುತ್ತದೆ ಎಂದು ಗೊತ್ತಿರುತ್ತದೆ. ಈಗ ಬೆಳಿಗ್ಗೆ ಕಣ್ಣು ಕುಕ್ಕುವ ಬಿಸಿಲು ಇರುತ್ತದೆ, ಮಧ್ಯಾಹ್ನ ಏನಾಗುತ್ತದೋ ಆ ಮೋಡಕ್ಕೇ ಗೊತ್ತು.

ನಾಟಕ ಮಂದಿರದ ಮ್ಯಾನೇಜರ್ ಹಿಂದಿನ ದಿನವೇ ಹೇಳಿ ಹೋಗಿದ್ದರು. "ನೋಡಪ್ಪ, ಮಳೆ ಬರೋ ಹಾಗಿದ್ರೆ ಒಗೀಲೇಬೇಡ. ಧೂಳು ಕೊಡವಿ ಕೊಡು, ಸಾಕು. ಆದ್ರೆ ನಾಳೆ ಸಂಜೆ ನಾಟಕ ಇದೆ. ಒದ್ದೆ ಪರದೆ ಕೊಟ್ಟೆ ಅಂದ್ರೆ ಇನ್ಮೇಲೆ ನಿಂಗೆ ನಮ್ಮ ಒಂದು ಕರ್ಚೀಫೂ ಬರಲ್ಲ."

ರೇಡಿಯೋ ಬೆಳಿಗ್ಗೆ "ಕೆಲವೆಡೆ ಮಳೆಯಾಗುವ ಸಾಧ್ಯತೆ ಇದೆ" ಎಂದು ಹೇಳಿ ಕೈತೊಳೆದುಕೊಂಡಿತ್ತು.

"ಕೆಲವೆಡೆ ಅಂದ್ರೆ ಎಲ್ಲಿ? ಅದರಲ್ಲಿ ನಮ್ಮ ತಾರಸಿ ಸೇರಿದೆಯೋ ಇಲ್ವೋ?" ಎಂದು ಅಪ್ಪ ರೇಡಿಯೋವನ್ನೇ ಕೇಳಿದ್ದ. ಅದು ಹಾಡು ಹಾಕಿತ್ತು. ಅದಕ್ಕೇ ಈಗ ಗುಬ್ಬಿಯನ್ನು ಕೇಳುತ್ತಿದ್ದ.

ಗುಬ್ಬಿ ಈ ವಾರ ಶಾಲೆಯ ಹವಾಮಾನ ಲೀಡರ್. ದಿನಾ ಪ್ರಾರ್ಥನೆಯ ಹೊತ್ತಿಗೆ ಮೈಕಿನ ಮುಂದೆ ನಿಂತು ಇವತ್ತು ಮಳೆಯೋ ಬಿಸಿಲೋ ಹೇಳುವುದು ಅವಳ ಕೆಲಸ. ವಿಜ್ಞಾನದ ಮಿಸ್ ಒಂದು ಸುಲಭದ ದಾರಿ ಕಲಿಸಿದ್ದರು. ಊರಿನ ಒಂದು ಕಡೆ ಕಡಲು, ಇನ್ನೊಂದು ಕಡೆ ಗುಡ್ಡ. ಈ ಕಾಲದಲ್ಲಿ ಬೆಳಿಗ್ಗೆಯೇ ಕಡಲ ಕಡೆಯಿಂದ ಗಾಳಿ ಬೀಸಿದರೆ ಮಧ್ಯಾಹ್ನ ಮಳೆಯಾಗಬಹುದು. ಗುಡ್ಡದ ಕಡೆಯಿಂದ ಬೀಸಿದರೆ ಒಣಹವೆ.

ಗಾಳಿಯ ದಿಕ್ಕು ತೋರಿಸಲು ಶಾಲೆಯ ಮಾಡಿನ ಮೇಲೆ ಕಬ್ಬಿಣದ ಹುಂಜವೊಂದು ಗಿರಗಿರ ತಿರುಗುತ್ತಿತ್ತು. ಮನೆಗಳು ಒತ್ತಾಗಿದ್ದ ಆ ಬೀದಿಯಲ್ಲಿ ಗಾಳಿ ಎಲ್ಲಿಂದ ಬರುತ್ತದೆಂದು ಮೈಗೆ ತಿಳಿಯುತ್ತಿರಲಿಲ್ಲ. ಹುಂಜ ಮಾತ್ರ ಅಪ್ಪನ ತಾರಸಿಗೂ ಚೆನ್ನಾಗಿ ಕಾಣುತ್ತಿತ್ತು.

ಗುಬ್ಬಿ ಕಣ್ಣು ಕಿರಿದು ಮಾಡಿ ನೋಡಿದಳು. ಹುಂಜದ ಕೊಕ್ಕು ಕಡಲ ಕಡೆಗಿತ್ತು.

"ಗಾಳಿ ಕಡಲಿನ ಕಡೆಗೆ ಹೋಗ್ತಿದೆ. ಅಂದ್ರೆ ಗುಡ್ಡದಿಂದ ಬರ್ತಿದೆ. ನೆನೆಸಪ್ಪಾ, ಏನೂ ಆಗಲ್ಲ!"

ಪರದೆ ದೊಪ್ಪನೆ ತೊಟ್ಟಿಗೆ ಬಿತ್ತು. ನೊರೆ ಗುಬ್ಬಿಯ ಯೂನಿಫಾರ್ಮ್‌ವರೆಗೂ ಹಾರಿತು.

ಹೇಳಿದ್ದೇನೋ ಜೋರಾಗಿಯೇ ಹೇಳಿದಳು. ಆದರೆ ಶಾಲೆಯ ದಾರಿಯುದ್ದಕ್ಕೂ ಕತ್ತೆತ್ತಿ ಹುಂಜವನ್ನೇ ನೋಡುತ್ತ ಹೋದಳು. ಏಕೆಂದರೆ ಅವಳು ಮನೆಯಲ್ಲಿ ಹೇಳದ ಒಂದು ವಿಷಯವಿತ್ತು.

ಸೋಮವಾರ ಅವಳು "ಒಣಹವೆ" ಎಂದಿದ್ದಳು. ಫುಟ್‌ಬಾಲ್ ಟೀಮಿನವರು ತೊಯ್ದು ತೊಪ್ಪೆಯಾದರು. ಮಂಗಳವಾರ "ಮಳೆ" ಎಂದಳು. ಊಟದ ಬಿಡುವಿನಲ್ಲಿ ಇಡೀ ಶಾಲೆ ಛತ್ರಿ ಹಿಡಿದು ಮೈದಾನಕ್ಕೆ ಬಂತು, ಒಂದು ಹನಿ ಬೀಳಲಿಲ್ಲ. ಮಗುವಿನ ಮಾತಿಗೆ ಬೆಲೆ ಕೊಡಬೇಕೆಂದು ಹೆಡ್‌ಮಾಸ್ಟರ್ ದಿನವಿಡೀ ರೇನ್‌ಕೋಟ್ ಹಾಕಿಕೊಂಡು ಬೆಂದ ಆಲೂಗಡ್ಡೆಯಂತಾದರು. "ಇವತ್ತು ಹೇಗೆ ಹೇಳ್ದೆ ಗುಬ್ಬಿ?" ಎಂದು ಅಮ್ಮ ಕೇಳಿದರೆ, ಎರಡು ದಿನವೂ "ಚೆನ್ನಾಗಿ ಹೇಳ್ದೆ" ಎಂದಿದ್ದಳು. ಧ್ವನಿಯೇನೋ ಚೆನ್ನಾಗಿಯೇ ಇತ್ತಲ್ಲ!

ಇವತ್ತು ಮೈಕಿನಲ್ಲಿ "ಈ ದಿನ ಒಣಹವೆ. ಮಳೆ ಇಲ್ಲ" ಎನ್ನುತ್ತಿದ್ದಂತೆ ಸಾಲಿಗೆ ಸಾಲೇ ಕಿಸಕ್ಕೆಂದಿತು.

"ಬೇಜಾರು ಮಾಡ್ಕೋಬೇಡ್ವೇ," ಎಂದಳು ಪಕ್ಕದಲ್ಲಿ ಕೂರುವ ಏಣಿ. ಅವಳು ಕ್ಲಾಸಿಗೇ ಉದ್ದದ ಹುಡುಗಿ, ಗುಬ್ಬಿಯ ಜೀವದ ಗೆಳತಿ. "ನೀನು ಹೇಳೋದು ಎಷ್ಟು ಉಪಯೋಗ ಗೊತ್ತಾ? ಉಲ್ಟಾ ಮಾಡ್ಕೊಂಡ್ರೆ ಪಕ್ಕಾ ಇರುತ್ತೆ!"

ಗುಬ್ಬಿಗೆ ನಗು ಬರಲಿಲ್ಲ.

ಊಟದ ಬಿಡುವಿನಲ್ಲಿ ಇಬ್ಬರೂ ಮೈದಾನದ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿದರು. ಏಣಿ ಕತ್ತೆತ್ತಿ ನೋಡಿ ಕೂಗಿದಳು.

"ನಿಮ್ಮನೆ ತಾರಸಿ ನೋಡೇ! ಹಡಗು!"

ನಿಜವಾಗಿಯೂ ಹಡಗೇ. ಹಗ್ಗಕ್ಕೆ ಕಟ್ಟಿದ ಕೆಂಪು ಪರದೆ ಹೊಟ್ಟೆ ಉಬ್ಬಿಸಿಕೊಂಡು ತೇಲುತ್ತಿತ್ತು. ಗುಬ್ಬಿಗೆ ಜಂಬವೆನಿಸಿತು. ಮರುಕ್ಷಣ ಬಾಯಲ್ಲಿದ್ದ ತುತ್ತು ಬಾಯಲ್ಲೇ ಉಳಿಯಿತು.

ಪರದೆ ಗುಡ್ಡದ ಕಡೆಗೆ ಉಬ್ಬಿತ್ತು.

ಗಾಳಿ ಗುಡ್ಡದಿಂದ ಬರುತ್ತಿದ್ದರೆ ಪರದೆ ಕಡಲ ಕಡೆಗೆ ತಾನೇ ಉಬ್ಬಬೇಕು? ಅವಳು ಮಾಡಿನ ಮೇಲಿನ ಹುಂಜವನ್ನು ನೋಡಿದಳು. ಕೊಕ್ಕು ಈಗಲೂ ಕಡಲ ಕಡೆಗೇ ಇತ್ತು. ಹುಂಜ ಒಂದು ಕಡೆ, ಪರದೆ ಇನ್ನೊಂದು ಕಡೆ. ಗಾಳಿ ಮಾತ್ರ ಒಂದೇ.

ಆಗ ಅವಳ ಕಣ್ಣು ಹುಂಜದ ಬಾಲದ ಮೇಲೆ ಬಿತ್ತು. ಮೊರದಷ್ಟು ಅಗಲದ ಬಾಲ. ಗಾಳಿ ಪರದೆಯನ್ನು ತಳ್ಳಿದ ಹಾಗೆ ಆ ಬಾಲವನ್ನೂ ಗುಡ್ಡದ ಕಡೆಗೆ ತಳ್ಳಿತ್ತು. ಬಾಲ ಆಚೆ ಹೋದರೆ ಕೊಕ್ಕು ಈಚೆ ತಿರುಗಲೇಬೇಕು. ಹುಂಜ ತೋರಿಸುತ್ತಿದ್ದುದು ಗಾಳಿ ಹೋಗುವ ದಿಕ್ಕನ್ನಲ್ಲ, ಬರುವ ದಿಕ್ಕನ್ನು!

ಮೂರು ದಿನದಿಂದ ಅವಳು ಹುಂಜವನ್ನು ಉಲ್ಟಾ ಓದುತ್ತಿದ್ದಳು.

"ಏಣೀ, ಮಳೆ ಬರುತ್ತೆ ಕಣೇ!" ಎಂದವಳೇ ಡಬ್ಬಿಯನ್ನು ಅಲ್ಲೇ ಬಿಟ್ಟು ಸ್ಟಾಫ್‌ರೂಮಿಗೆ ಓಡಿದಳು.

ಮಿಸ್ ಅರ್ಧ ಕೇಳುವಷ್ಟರಲ್ಲೇ ಹಣೆ ಚಚ್ಚಿಕೊಂಡರು. "ಅಯ್ಯೋ! ಕೊಕ್ಕು ಗಾಳಿಗೆ ಎದುರಾಗಿ ನಿಲ್ಲುತ್ತೆ ಅಂತ ನಾನು ಹೇಳಲೇ ಇಲ್ವಾ? ತಗೋ, ಫೋನ್ ಮಾಡು."

ಫೋನ್ ರಿಂಗಾಯಿತು, ಮತ್ತೆ ರಿಂಗಾಯಿತು. ಅಪ್ಪನ ಫೋನ್ ಯಾವಾಗಲೂ ಇಸ್ತ್ರಿ ಮೇಜಿನ ಮೇಲೆ, ಅಪ್ಪ ಯಾವಾಗಲೂ ತಾರಸಿಯ ಮೇಲೆ.

"ಪಕ್ಕದ ಬೀದಿ ತಾನೇ? ಹೋಗು. ನಾನು ಹೆಡ್‌ಮಾಸ್ಟರಿಗೆ ಹೇಳ್ತೀನಿ," ಎಂದರು ಮಿಸ್.

ಗುಬ್ಬಿ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಓಡುತ್ತಲೇ ಅಪ್ಪನಿಗೆ ಏನು ಹೇಳುವುದೆಂದು ಯೋಚಿಸಿದಳು. ಹುಂಜ ಕೆಟ್ಟಿದೆ ಎನ್ನಬಹುದು. ಗಾಳಿ ಈಗ ತಾನೇ ತಿರುಗಿತು ಎನ್ನಬಹುದು. ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ಉಸಿರಿನ ಜೊತೆ ಆ ಸುಳ್ಳುಗಳೂ ಮುಗಿದುಹೋಗಿದ್ದವು.

"ಅಪ್ಪಾ, ನಾನು ಹೇಳಿದ್ದು ತಪ್ಪು. ಸೋಮವಾರನೂ ತಪ್ಪಾಗಿತ್ತು. ನಿನ್ನೆನೂ. ನಾನು ಮನೇಲಿ ಹೇಳಲಿಲ್ಲ. ಗಾಳಿ ಕಡಲಿಂದ ಬರ್ತಿದೆ."

ಅಪ್ಪ ಪರದೆಯ ಅಂಚು ಮುಟ್ಟಿ ನೋಡುತ್ತಿದ್ದ. ಮೇಲೆಲ್ಲ ಒಣಗಿತ್ತು. ದಪ್ಪವಾಗಿ ಮಡಚಿ ಹೊಲಿದ ಕೆಳಗಿನ ಪಟ್ಟಿಯಲ್ಲಿ ಇನ್ನೂ ಪಸೆಯಿತ್ತು. ಅವನು ತಲೆ ಎತ್ತಿದ. ಬಾನು ತೊಳೆದಿಟ್ಟ ಹಾಗೆ ನೀಲಿಯಾಗಿತ್ತು. ದೂರ ಕಡಲ ಮೇಲೆ ಮಾತ್ರ ಯಾರೋ ಹಿಂಡಿಟ್ಟ ಮಸಿಬಟ್ಟೆಯಷ್ಟು ಮೋಡ.

"ಖಂಡಿತ ಬರುತ್ತಾ?"

ಗುಬ್ಬಿಗೆ ಹೌದು ಎನ್ನಬೇಕೆನಿಸಿತು. ಆದರೆ ನಿಜವನ್ನೇ ಹೇಳಿದಳು. "ಗೊತ್ತಿಲ್ಲಪ್ಪ. ಬರಬಹುದು. ಬರದೇನೂ ಇರಬಹುದು."

ಅಪ್ಪ ಇನ್ನೊಮ್ಮೆ ಆ ಮೋಡವನ್ನು ನೋಡಿದ. ಆಮೇಲೆ ಕೆಳಕ್ಕೆ ಬಾಗಿ ಕೂಗಿದ. "ಲೇ, ಮೇಲೆ ಬಾರೇ! ಪರದೆ ಇಳಿಸ್ಬೇಕು!"

ಪಕ್ಕದ ತಾರಸಿಯಲ್ಲಿ ಹಾಸಿಗೆ ಬಿಸಿಲಿಗೆ ಹಾಕಿ ಎಲೆಕ್ಟ್ರಿಕ್ ಕೆಲಸದ ಮಾಮ ಕೂತಿದ್ದರು. "ಏನ್ರೀ, ಇಂಥ ಬಿಸಿಲು ಬಿಟ್ಟು ಬಟ್ಟೆನ ಒಳಗೆ ಒಣಗಿಸ್ತೀರಾ? ಗುಬ್ಬಿ ಮಾತು ಕೇಳ್ಕೊಂಡಾ? ನನ್ನ ಮಗ ಫುಟ್‌ಬಾಲ್ ಟೀಮಲ್ಲಿದ್ದಾನೆ, ಅವನನ್ನ ಕೇಳಿ!"

"ಅವಳ ಮಾತು ಕೇಳಿ ಹಾಕಿದ್ದೆ. ಅವಳ ಮಾತು ಕೇಳಿ ತೆಗೀತೀನಿ," ಎಂದ ಅಪ್ಪ.

ಮೂವರೂ ಸೇರಿ ಪರದೆಯನ್ನು ಅಂಗಡಿಗೆ ಇಳಿಸಿ ಉದ್ದನೆಯ ಮೇಜಿನ ಮೇಲೆ ಹರಡಿದರು. ಅಮ್ಮ ಒದ್ದೆ ಪಟ್ಟಿಯ ಮೇಲೆ ಇಸ್ತ್ರಿ ಪೆಟ್ಟಿಗೆ ಓಡಿಸತೊಡಗಿದಳು. ಅಪ್ಪ ಫ್ಯಾನುಗಳನ್ನು ತಿರುಗಿಸಿ ನಿಲ್ಲಿಸಿದ. ಮೊಳ ಮೊಳವಾಗಿ ಒಣಗಿಸುವ ಕೆಲಸ. ಅದೂ ಹೊರಗೆ ಧಗಧಗ ಬಿಸಿಲಿರುವಾಗ.

ಗುಬ್ಬಿ ಬಾಗಿಲಲ್ಲಿ ನಿಂತಳು. ಬಿಸಿಲು ಕಡಿಮೆಯಾಗಲಿಲ್ಲ. ಅಮ್ಮನ ಕತ್ತಿನಿಂದ ಬೆವರು ಇಳಿಯುತ್ತಿತ್ತು. ಮಳೆ ಬರದಿದ್ದರೆ? ಇದೂ ತಪ್ಪಾದರೆ? ಲಾಂಡ್ರಿಯವರ ಮನೆಯಲ್ಲಿ ಹುಟ್ಟಿ ಮಳೆ ಬರಲಪ್ಪಾ ಎಂದು ಬೇಡಿಕೊಂಡ ಮೊದಲ ಹುಡುಗಿ ಅವಳೇ ಇರಬೇಕು.

ಅವಳು ಮೆಲ್ಲಗೆ ಕೇಳಿದಳು. "ಅಪ್ಪಾ, ನಿಂಗೆ ಸಿಟ್ಟು ಬರ್ಲಿಲ್ವಾ?"

"ಬಂತು. ಮನೇಲಿ ಹೇಳ್ಲಿಲ್ಲ ಅಂದ್ಯಲ್ಲ, ಅದಕ್ಕೆ ಬಂತು," ಎಂದ ಅಪ್ಪ, ಫ್ಯಾನನ್ನು ಒಂದಿಷ್ಟು ಜರುಗಿಸುತ್ತ. "ಆದ್ರೆ ಆ ರೇಡಿಯೋ ಎಷ್ಟು ಸಲ ತಪ್ಪು ಹೇಳಿಲ್ಲ? ಅದು ಒಂದು ಸಲನಾದ್ರೂ ಊಟ ಬಿಟ್ಟು ಓಡಿ ಬಂದು, ತಪ್ಪಾಯ್ತು ಅಂತ ನಂಗೆ ಹೇಳಿದ್ಯಾ?"

ಗುಬ್ಬಿಗೆ ಅಳು ಬಂದಂತಾಯಿತು. ಅಷ್ಟರಲ್ಲಿ ಬೀದಿಯ ಬಾಗಿಲು ಧಡಾರೆಂದು ಬಡಿದುಕೊಂಡಿತು.

ತಣ್ಣನೆಯ ಗಾಳಿಯೊಂದು ಒಳನುಗ್ಗಿ ಅಂಗಡಿಯ ಚೀಟಿಗಳನ್ನೆಲ್ಲ ಹಾರಿಸಿತು. ಅದರ ಹಿಂದೆಯೇ ಮಣ್ಣಿನ ವಾಸನೆ. ಬೀದಿ ಕಪ್ಪಿಟ್ಟಿತು. ಟಪ್ ಎಂದು ಒಂದು ಹನಿ, ಟಪ್ ಟಪ್ ಎಂದು ನಾಲ್ಕು ಹನಿ, ಆಮೇಲೆ ಧೋ ಎಂದು ಮಳೆ.

"ಬಂತು! ಅಪ್ಪಾ, ಬಂತು!" ಗುಬ್ಬಿ ಕುಣಿದಳು. ಅಮ್ಮ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಅಪ್ಪನ ಮುಖ ನೋಡಿ, ಸೆರಗಿನಿಂದ ಬೆವರೊರೆಸಿಕೊಂಡು ನಗತೊಡಗಿದಳು. ಮೇಲಿನಿಂದ ಮಾಮನ ಕೂಗು ಕೇಳಿಸಿತು. "ಅಯ್ಯೋ ನನ್ನ ಹಾಸಿಗೆ!" ಅಪ್ಪ ನಗುತ್ತಲೇ ಹಾಸಿಗೆ ಹಿಡಿಯಲು ಓಡಿದ.

ಸಂಜೆ ಮ್ಯಾನೇಜರ್ ವ್ಯಾನಿನಲ್ಲಿ ಬಂದರು. ಮಡಚಿಟ್ಟ ಪರದೆ ಮೇಜಿನ ಮೇಲೆ ಕಾಯುತ್ತಿತ್ತು. ಅವರು ಕೆಳಗಿನ ಪಟ್ಟಿಯನ್ನೇ ಹುಡುಕಿ ಹಿಂಡಿ ನೋಡಿದರು. ಒಣಗಿತ್ತು.

"ಭೇಷ್! ಬಿಸಿಲು ಚೆನ್ನಾಗಿ ಸಿಕ್ತು ಅನ್ನು."

"ಬಿಸಿಲಾ? ಮಳೆ ನೋಡ್ಲಿಲ್ವಾ ಸಾರ್?" ಎಂದಳು ಅಮ್ಮ.

"ಮಳೆನಾ? ಅದಕ್ಕೇನಮ್ಮ ಈ ಬೀದಿ ಒದ್ದೆ? ಮಂದಿರದ ಕಡೆ ಒಂದು ಹನಿನೂ ಇಲ್ಲ!"

ಅಪ್ಪನೂ ಅಮ್ಮನೂ ಮುಖ ಮುಖ ನೋಡಿಕೊಂಡರು. "ಹಾಗಾದ್ರೆ ಆ ಕೆಲವೆಡೆ ಅಂದ್ರೆ ನಾವೇ ಕಣೇ!" ಎಂದ ಅಪ್ಪ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಗುಬ್ಬಿ ಮೊದಲು ನಗಲಿಲ್ಲ. ಮಂದಿರ ಇರುವುದು ಮಾರ್ಕೆಟ್ಟಿನ ಆಚೆ, ನಡೆದೇ ಹೋಗಬಹುದು. ಅವರ ಮನೆ ಅಲ್ಲೇ ಇದ್ದಿದ್ದರೆ? ಹುಂಜವನ್ನು ಸರಿಯಾಗಿ ಓದಿಯೂ ಅವಳ ಮಾತು ಸುಳ್ಳಾಗುತ್ತಿತ್ತು. ಪಾಪ, ರೇಡಿಯೋದವರು ಇಡೀ ಊರಿಗೆ ಒಟ್ಟಿಗೆ ಹೇಳಬೇಕು. ಹಾಗೆಂದುಕೊಂಡಾಗ ಅವಳಿಗೂ ನಗು ಬಂತು.

ವ್ಯಾನ್ ಹೋದ ಮೇಲೆ ಅಪ್ಪ ತಾರಸಿಯ ನೀರು ಗುಡಿಸಲು ಹೊರಟ. ಗುಬ್ಬಿ ಹಿಂದೆಯೇ ಹತ್ತಿದಳು. ಮಳೆ ನಿಂತು ಬೆಳಕು ಮೂಡಿತ್ತು. ಒದ್ದೆಯಾದ ಹುಂಜ ದೂರದಲ್ಲಿ ಹೊಳೆಯುತ್ತ, ಅತ್ತ ಇತ್ತ ಓಲಾಡುತ್ತಿತ್ತು.

"ನಾಳೆ ಬೆಡ್‌ಶೀಟ್ ರಾಶಿ ಇದೆ," ಎಂದ ಅಪ್ಪ, ಪೊರಕೆ ಊರಿ ನಿಂತು. "ಏನಂತೀಯ ಗುಬ್ಬಿ? ನಾಳೆ ಹೇಗೆ?"

ಗುಬ್ಬಿ ಹುಂಜವನ್ನು ನೋಡಿದಳು. ಕಡಲನ್ನು ನೋಡಿದಳು. ಅವಳ ಬಾಯಿ ಎಂದೂ ಇಷ್ಟು ಹೊತ್ತು ಸುಮ್ಮನಿದ್ದುದಿಲ್ಲ.

"ಬೆಳಿಗ್ಗೆ ನೋಡಿ ಹೇಳ್ತೀನಪ್ಪ," ಎಂದಳು. "ಊಟದ ಬಿಡುವಲ್ಲಿ ಇನ್ನೊಂದು ಸಲ ನೋಡ್ತೀನಿ. ಫೋನ್ ಮಾತ್ರ ಮೇಲೆ ತಂದಿಟ್ಕೊ."