ಇನ್ನೊಂದು ಮಹಡಿ ಮೇಲೆ

"ನೀವಾ?! ಇಲ್ಲೇನ್ ಮಾಡ್ತಿದೀರ?"

ಬಾಗಿಲಲ್ಲೇ ಅವಳ ಕಾಲು ನಿಂತುಬಿಟ್ಟಿತು. ಗೋಡೆಗುಂಟ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಎಂಟು ಹತ್ತು ಜನ. ಅವರ ನಡುವೆ ಟೀ ಲೋಟ ಹಿಡಿದು ಕೂತಿದ್ದವನು ಅವಳ ಗಂಡ! ಎರಡು ತಿಂಗಳಿಂದ ಅವಳು ಮುಖವನ್ನೇ ನೋಡದ ಗಂಡ.

ಅವನು ಗಡಬಡಿಸಿ ಎದ್ದ. ಟೀ ಪ್ಯಾಂಟಿನ ಮೇಲೆ ಚೆಲ್ಲಿತು.

"ಮಾಸ್ಟರಮ್ಮಾ..."

ಅವಳು ಟೈಲರ್ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್. ಮದುವೆಯಾದ ವಾರದಲ್ಲೇ ಅವನು ಇಟ್ಟ ಹೆಸರದು.

"ಹಾಗೆ ಕರೀಬೇಡಿ!"

ಇಲ್ಲಿಗೆ ಬಂದು ಮುಟ್ಟಲು ಅವಳು ಪಟ್ಟ ಪಾಡು ದೇವರಿಗೇ ಪ್ರೀತಿ. ಕುಡಿತ ಬಿಡುವವರ ಮೀಟಿಂಗ್ ಎಲ್ಲಿ ನಡೆಯುತ್ತದೆ ಎಂದು ಕೇಳಲು ಮೊದಲ ನಂಬರಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಎರಡನೆಯವರು ಕೊಟ್ಟ ವಿಳಾಸದಲ್ಲಿ ಚಪ್ಪಲಿ ಗೋಡೌನ್ ಇತ್ತು. "ಮೀಟಿಂಗ್ ಗೀಟಿಂಗ್ ಗೊತ್ತಿಲ್ಲ, ಸೈಜ್ ಹೇಳಿ" ಅಂದಿದ್ದ ಅಲ್ಲಿಯವನು. ಇವತ್ತು ಈ ಕಟ್ಟಡಕ್ಕೆ ಬಂದರೆ ಲಿಫ್ಟ್ ಕೆಟ್ಟಿತ್ತು.

ಕುಡಿಯದೆ ಅವಳಿಗಿದು ಹನ್ನೊಂದನೇ ದಿನ. ಬಸ್ ಸ್ಟಾಪಿನ ಪಕ್ಕದಲ್ಲೇ ಬಾರ್. ಇವತ್ತೂ ಮೀಟಿಂಗ್ ಸಿಗದಿದ್ದರೆ ಕಾಲು ನೇರ ಅಲ್ಲಿಗೇ ಹೋಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಬಾಗಿಲ ಮೇಲಿನ ಕಾಗದದಲ್ಲಿ 'ಕುಡಿತದ ಸಮಸ್ಯೆ' ಎಂಬಷ್ಟನ್ನೇ ಓದಿ ಒಳಗೆ ನುಗ್ಗಿದ್ದಳು.

"ಕೆಲಸ ಕೊಟ್ಟ ಅಂಗಡಿಯಕ್ಕನ ಹತ್ರ ನನ್ನ ಮಾನ ಕಳೆದಿದ್ದು ಸಾಲ್ಲಿಲ್ವಾ? ಈಗ ಊರವರ ಮುಂದೆಲ್ಲಾ ಹೇಳ್ಕೊಂಡು ಕೂತಿದೀರಾ?"

ಸಿಟ್ಟಿನಲ್ಲಿ ತಿರುಗಿ ಮೆಟ್ಟಿಲಿಗೆ ಬಂದಳು. ಅವನು ಹಿಂದೆಯೇ ಓಡಿ ಬಂದ.

"ಇದು ಮನೆಯವರ ಮೀಟಿಂಗ್ ಕಣೇ! ಕುಡಿಯೋರ ಮನೆಯವರದ್ದು. ಕಾಗದದ ಕೆಳಗಡೆ ಬರ್ದಿದೆ ನೋಡು. ನಿಮ್ದು ಇನ್ನೊಂದು ಮಹಡಿ ಮೇಲೆ. ಅಲ್ಲೂ ನಾಲ್ಕಕ್ಕೇ ಶುರು."

ಅವಳು ಕಾಗದದ ಕಡೆ ನೋಡಿದಳು. ಬರೆದಿತ್ತು.

"ಎಷ್ಟು ದಿನದಿಂದ ಬರ್ತಿದೀರ?"

"ಐದು ತಿಂಗಳು."

ಐದು ತಿಂಗಳಾ?! ಅವಳು ಅಕ್ಕನ ಮನೆಗೆ ಹೋಗಿ ಎರಡೇ ತಿಂಗಳು. ಹಾಗಾದರೆ ಈ ಲಿಫ್ಟ್ ಮೆಕ್ಯಾನಿಕ್ ಮಹಾಶಯ ಪ್ರತಿ ಭಾನುವಾರ 'ಎಲ್ಲೋ ಲಿಫ್ಟ್ ಕೆಟ್ಟಿದೆ' ಎಂದು ಹೊರಡುತ್ತಿದ್ದದ್ದು ಇಲ್ಲಿಗೇ!

"ಗೊತ್ತಿದ್ದೂ ನಂಗೆ ಹೇಳ್ಲಿಲ್ಲ! ಕೈ ಹಿಡ್ಕೊಂಡು ಎಳ್ಕೊಂಡು ಬರಬೇಕಿತ್ತು!"

"ಎಳೆದ್ರೆ ಬರ್ತಿದ್ಯಾ?"

ಅವಳು ಮೆಟ್ಟಿಲ ಕಂಬಿ ಹಿಡಿದು ಮುಖ ತಿರುಗಿಸಿದಳು. ಅವನೇ ಮುಂದುವರಿಸಿದ.

"ನಿನಗೆ ಜ್ವರ, ನಿನಗೆ ವಾಂತಿ ಅಂತ ಒಂದು ವರ್ಷ ಅಂಗಡಿಯಕ್ಕಂಗೆ ಸುಳ್ಳು ಹೇಳ್ದೆ. ಇದ್ದ ಒಬ್ಬ ಚಿಕ್ಕಮ್ಮನ್ನ ಎರಡು ಸಲ ಸಾಯ್ಸಿದೆ! ನಾನು ಸುಳ್ಳು ಹೇಳ್ದಷ್ಟೂ ನೀನು ಆರಾಮಾಗಿ ಕುಡೀತಿದ್ದೆ. ಅವತ್ತು ಅವರು ಫೋನ್ ಮಾಡ್ದಾಗ... ಸುಳ್ಳು ಬಾಯಿಗೇ ಬರ್ಲಿಲ್ಲ. ಕುಡಿದು ಮಲಗಿದಾಳೆ ಅಂದುಬಿಟ್ಟೆ. ಅದಕ್ಕೇ ನೀನು ಅಕ್ಕನ ಮನೆಗೆ ಹೋದೆ."

ಅವಳ ಕಣ್ಣು ತುಂಬಿತು. ಆದರೂ ಸಿಟ್ಟು ಇಳಿಯಲಿಲ್ಲ. ಗಡಿಯಾರ ನೋಡಿದಳು. ನಾಲ್ಕೂ ಹತ್ತು.

"ತಡ ಆಯ್ತು. ಮುಂದಿನ ವಾರ ನೋಡ್ತೀನಿ."

"ನಿನ್ನಿಷ್ಟ."

"ಹೋಗು ಅನ್ನಿ! ಬೇಡ ಅನ್ನಿ! ಏನಾದ್ರೂ ಅನ್ರೀ!"

"ಅನ್ನಲ್ಲ." ಅವನ ಧ್ವನಿ ನಡುಗುತ್ತಿತ್ತು. "ಕೆಳಗೆ, ಲಿಫ್ಟ್ ಹತ್ರ ಇರ್ತೀನಿ. ಮೀಟಿಂಗ್ ಮುಗಿಸ್ಕೊಂಡು ಬಂದ್ರೂ, ಈಗ್ಲೇ ಬಂದ್ರೂ ಅಲ್ಲೇ ಇರ್ತೀನಿ."

ಎಂಥಾ ಮನುಷ್ಯನಪ್ಪಾ ಇವನು! ಅವಳು ದಡದಡನೆ ಮೆಟ್ಟಿಲು ಹತ್ತಿದಳು. ಮೇಲಕ್ಕೇ ಹತ್ತುತ್ತಿದ್ದೇನೆ ಎಂಬುದು ಅರ್ಧ ದಾರಿಯಲ್ಲಿ ಅವಳಿಗೇ ಗೊತ್ತಾಯಿತು.

ಮೇಲಿನ ಕೋಣೆಯಲ್ಲಿ ನರೆಗೂದಲಿನ ಹೆಂಗಸೊಬ್ಬರು ಪಕ್ಕದ ಕುರ್ಚಿ ಎಳೆದುಕೊಟ್ಟರು.

"ತಡವಾಗಿಬಿಡ್ತು..." ಅಂದಳು.

"ಹತ್ತೇ ನಿಮಿಷ ತಾನೇ? ನಾನು ಒಂಬತ್ತು ವರ್ಷ ತಡವಾಗಿ ಬಂದೆ. ಕೂತ್ಕೊಳಮ್ಮಾ."

ಸರದಿ ಬಂದಾಗ ಅವಳು ಎದ್ದು ನಿಂತಳು.

"ನಾನು ಬಟ್ಟೆ ಕಟಿಂಗ್ ಮಾಡ್ತೀನಿ. ಕತ್ತರಿ ಹಿಡಿದ್ರೆ ಕೈ ನಡುಗತ್ತೆ... ಗಂಡನೇ ನನ್ನ ಕೆಲಸಕ್ಕೆ ಕಲ್ಲು ಹಾಕ್ದ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ದೆ. ಹಾಗಲ್ಲ. ನಾನು ಕುಡೀತೀನಿ. ಒಬ್ಳೇ ಬಿಡಕ್ಕೆ ಆಗ್ತಿಲ್ಲ."

ಯಾರೂ ಹುಬ್ಬೇರಿಸಲಿಲ್ಲ. ನರೆಗೂದಲಿನವರು ಕರವಸ್ತ್ರ ಕೊಟ್ಟರು. ಅವಳು ಅತ್ತು ಮುಗಿಸುವವರೆಗೂ ಎಲ್ಲರೂ ಕಾದರು.

ಕೆಳಗಿಳಿದು ಬಂದಾಗ ಅವನು ಲಿಫ್ಟಿನ ಪ್ಯಾನೆಲ್ ಬಿಚ್ಚಿಕೊಂಡು ಕೂತಿದ್ದ. ಮೊಣಕೈವರೆಗೂ ಗ್ರೀಸು.

"ಸುಮ್ನೆ ಕೂರಕ್ಕಾಗ್ಲಿಲ್ಲ..."

"ಸರಿ ಹೋಯ್ತಾ?"

"ಇಲ್ಲ. ಪಾರ್ಟ್ ತರಿಸ್ಬೇಕು."

ಎರಡು ತಿಂಗಳಲ್ಲಿ ಮೊದಲ ಸಲ ಅವಳಿಗೆ ನಗು ಬಂತು. ಅವನು ಆ ನಗುವನ್ನೇ ನೋಡುತ್ತಾ ನಿಂತ.

"ಇವತ್ತೇ ಮನೆಗೆ ಬರಲ್ಲ ರೀ. ಇನ್ನೂ ಸ್ವಲ್ಪ ದಿನ ಅಕ್ಕನ ಮನೇಲೇ ಇರ್ತೀನಿ."

"ಸರಿ. ಕಾಯ್ತೀನಿ."

"ನನ್ನ ಮೇಲೆ ಕೋಪ ಇದ್ಯಾ?"

"ತುಂಬಾ ಇದೆ. ಪ್ರೀತೀನೂ ಇದೆ, ಏನ್ ಮಾಡ್ಲಿ?"

"ನಂಗೂ ಅಷ್ಟೇ... ಎರಡೂ ಇದೆ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬಸ್ ಸ್ಟಾಪ್ ತನಕ ಬರ್ತೀರಾ? ಆ ಬಾರ್ ದಾಟಿಸಿಬಿಡಿ, ಸಾಕು."

ಅವನು ತಕ್ಷಣ ಕೈ ಚಾಚಿದ. ಗ್ರೀಸು ನೆನಪಾಗಿ ಹಿಂದಕ್ಕೆಳೆದುಕೊಂಡ.

"ಕೈಯೆಲ್ಲಾ ಮಸಿ ಕಣೇ..."

"ಇರ್ಲಿ. ನನ್ನ ಕೈ ನಡುಗ್ತಿದೆ. ಹಿಡ್ಕೊಳ್ಳಿ."